ನಿಂಗಮ್ಮ ಆರಿಸಿದ ಗೈಡು

ನನಗೆ ನಿವೃತ್ತಿ ಆದೇಶ ಕೊಟ್ಟದ್ದು ಸರ್ಕಾರವಲ್ಲ, ನನ್ನ ಎಡಗಾಲಿನ ಮಂಡಿ. ಆಗ ನನಗೆ ಮೂವತ್ತೈದು ವರ್ಷ. ಹಾರವಿಲ್ಲ, ಶಾಲಿಲ್ಲ, ನಡುವೆ ಕೂರಿಸಿ ತೆಗೆದ ಫೋಟೋ ಇಲ್ಲ. ಒಂದು ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಮಂಡಿ ಕಟಕ್ಕೆಂದಿತು. ಮೈಸೂರಿನ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇನ್ಮೇಲೆ ಮೆಟ್ಟಿಲು ಹತ್ತೋದನ್ನೂ ಸ್ವಲ್ಪ ಕಮ್ಮಿ ಮಾಡಿ" ಎಂದರು. ಜನರನ್ನು ಬೆಟ್ಟ ಹತ್ತಿಸಿ ಅನ್ನ ತಿನ್ನುತ್ತಿದ್ದವನಿಗೆ ಮೆಟ್ಟಿಲೂ ಬೇಡ ಎಂದರೆ ಅದಕ್ಕಿಂತ ದೊಡ್ಡ ಬೀಳ್ಕೊಡುಗೆ ಸಮಾರಂಭ ಇನ್ನೇನಿದೆ.

ಈಗ ಹುಣಸೂರಿನ ನಮ್ಮ ಸಾಹಸ ತರಬೇತಿ ಕೇಂದ್ರಕ್ಕೆ ಕೆಲಸಕ್ಕೆ ಸೇರುವ ಹೊಸಬರು ಮನೆಗೆ ಬಂದು, "ಕಿಟ್ಟಣ್ಣ, ಹಗ್ಗದ ವಿಷಯ ಹೇಳಿ, ಗಂಟಿನ ವಿಷಯ ಹೇಳಿ" ಎನ್ನುತ್ತಾರೆ. ಹಗ್ಗ, ಗಂಟುಗಳನ್ನು ಯಾರು ಬೇಕಾದರೂ ಕಲಿಸುತ್ತಾರೆ. ಯಾರೂ ಕಲಿಸದ ಕೆಲಸ ಒಂದಿದೆ. ಕಣ್ಣಿಂದ ನೋಡದ ಬೆಟ್ಟಕ್ಕೆ ಹೊರಡುವ ಮುಂಚೆ ಯಾರ ಮಾತು ನಂಬಿ ಹೊರಡಬೇಕು ಎಂದು ತೀರ್ಮಾನಿಸುವುದು. ಅಂದರೆ ಗೈಡ್ ಪುಸ್ತಕ ಆರಿಸುವುದು. ತೊಂಬತ್ತರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಅದು ನನ್ನ ಕೆಲಸವಾಗಿತ್ತು. ಅದರಲ್ಲಿ ನಾನೆಷ್ಟು ಜಾಣ ಎಂಬುದಕ್ಕೆ ಮಂಡಿಯೇ ಸಾಕ್ಷಿ.

ಕೇಂದ್ರ ಎಂದರೆ ದೊಡ್ಡದೇನಲ್ಲ. ಹಳೆಯ ಹೆಂಚಿನ ಮನೆ, ಒಂದು ಬೀರು ಹಗ್ಗ, ಅಂಗಳದಲ್ಲಿ ಹತ್ತಿ ಇಳಿಯಲು ಮರದ ಗೋಡೆ. ವರ್ಷಕ್ಕೊಂದು ಸಲ ಹಿಮಾಲಯಕ್ಕೆ ಒಂದು ತಂಡ. ನಡೆಸುತ್ತಿದ್ದವರು ಸುಬೇದಾರ್ ಚಂಗಪ್ಪನವರು. ಕೊಡಗಿನವರು, ಸೈನ್ಯದಲ್ಲಿ ಅರ್ಧ ಆಯುಸ್ಸು ಹಿಮದ ಮೇಲೆ ಕಳೆದವರು. ಅವರ ಮೀಸೆ ಮೊದಲು ಬಾಗಿಲು ದಾಟುತ್ತಿತ್ತು, ಅವರು ಆಮೇಲೆ.

ಸೇರಿದ ವಾರವೇ ಅವರು ನನ್ನನ್ನು ಗೈಡ್ ತರಲು ಅಟ್ಟಿದರು. ಹುಣಸೂರಿನ ಪುಸ್ತಕದಂಗಡಿಯಲ್ಲಿ ಕೇಳಿದೆ. ಅಂಗಡಿಯವರು, "ಎಸ್ಸೆಲ್ಸಿದಾ, ಪಿಯುಸಿದಾ?" ಎಂದರು. ಹಿಮಾಲಯದ್ದು ಎಂದೆ. "ಅದು ಈ ವರ್ಷ ಸಿಲಬಸ್ಸಲ್ಲಿಲ್ಲ" ಎಂದು ಬೇರೆ ಗಿರಾಕಿಯ ಕಡೆ ತಿರುಗಿದರು. ಕೊನೆಗೆ ಮೈಸೂರಿನ ಫುಟ್‌ಪಾತಿನಲ್ಲಿ ಒಂದು ಸಿಕ್ಕಿತು. ಗಟ್ಟಿ ರಟ್ಟು, ಚೆಂದದ ಚಿತ್ರ, ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ನಂಬಿ ಹಿಮಾಚಲದ ಒಂದು ಕಣಿವೆಗೆ ಹೋದೆವು. ಪುಸ್ತಕದ ಪ್ರಕಾರ ಮೂರು ದಿನ ಕಾಡುದಾರಿ, ಮನುಷ್ಯರ ಸುಳಿವಿಲ್ಲ. ಮೂರು ದಿನದ ಅಕ್ಕಿ, ಬೇಳೆ, ಸೀಮೆಎಣ್ಣೆ ಹೊತ್ತು ಬೆನ್ನು ಬಾಗಿಸಿಕೊಂಡು ನಡೆಯುತ್ತಿದ್ದರೆ ಹಿಂದಿನಿಂದ ಹಾರನ್ನು. ಬಸ್ಸು. ಕಂಡಕ್ಟರು ತಲೆ ಹೊರಗೆ ಹಾಕಿ, ಎಲ್ಲಿಗೆ ಎಂದು ಕೇಳಿದ. ನಾವು ಮೂರು ದಿನದಲ್ಲಿ ಮುಟ್ಟಬೇಕಿದ್ದ ಊರಿನ ಹೆಸರು ಬಸ್ಸಿನ ಬೋರ್ಡಿನಲ್ಲೇ ಇತ್ತು. ಹತ್ತಿ ಕೂತೆವು. ಪುಸ್ತಕ ಅಚ್ಚಾಗಿದ್ದು ಇತ್ತೀಚೆಗೆ, ಬರೆದವರು ಹೋಗಿಬಂದದ್ದು ನನ್ನ ಅಪ್ಪನ ಮದುವೆಗೂ ಮುಂಚೆ. ಅಂದಿನಿಂದ ನಾನು ಅಚ್ಚಾದ ವರ್ಷ ನೋಡುವುದಿಲ್ಲ. ಒಳಗೆ ಹುಡುಕಿ, ಹೋಗಿಬಂದ ವರ್ಷ ನೋಡುತ್ತೇನೆ. ನೀವೂ ನೋಡಿ.

ನನಗೊಂದು ಚಾಳಿ ಇತ್ತು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ನನ್ನ ಬಾಯಿಂದ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಅನೌನ್ಸರ್, ಹೊಗೆಸೊಪ್ಪು ಹರಾಜು ಕೂಗುವವರು, ನಮ್ಮ ಚಿಕ್ಕಪ್ಪ ಫೋನಿನಲ್ಲಿ ಟ್ರಂಕ್ ಕಾಲಿನ ಕಾಲದಂತೆ ಅರಚುವುದು, ಎಲ್ಲ. ಒಂದು ದಿನ ಹಗ್ಗದ ಬೀರುವಿನ ಮುಂದೆ ನಿಂತು ಸುಬೇದಾರರನ್ನು ಮಾಡುತ್ತಿದ್ದೆ. "ಬೆಟ್ಟಕ್ಕೆ ಅವಸರ ಇಲ್ಲ ಮಾರಾಯ, ಅವಸರ ನಿನಗೆ." ನೋಡುತ್ತಿದ್ದವರ ನಗು ಒಂದೇ ಸಲಕ್ಕೆ ನಿಂತಿತು. ಹಿಂದೆ ಮೀಸೆ ನಿಂತಿತ್ತು.

"ಚೆನ್ನಾಗಿ ಬರ್ತದಲ್ಲ ನಿಂಗೆ," ಎಂದರು ಸುಬೇದಾರರು. "ಮೀಸೆ ಒಂದು ಕಮ್ಮಿ."

"ಸಾರ್, ಅದು..."

"ಶಿಕ್ಷೆ ಕೊಡ್ತೇನೆ. ಆ ಬೀರುವಲ್ಲಿ ಇರುವ ಗೈಡುಗಳನ್ನೆಲ್ಲ ಬರೆದವರ ದನಿಯಲ್ಲಿ ಓದು. ಯಾರು ಹೋಗಿ ಬಂದು ಬರೆದಿದ್ದಾರೆ, ಯಾರು ಕೂತಲ್ಲಿಂದ ಬರೆದಿದ್ದಾರೆ, ನನಗೆ ಗೊತ್ತಾಗಬೇಕು."

ಶಿಕ್ಷೆ ವಿದ್ಯೆಯಾಯಿತು. ಬಾಯಿಬಿಟ್ಟು ಓದಿದರೆ ಕಣ್ಣಿಗೆ ಕಾಣದ್ದು ಕಿವಿಗೆ ಸಿಕ್ಕುತ್ತದೆ. ಕಡಿದಾದ ಏರಿನ ಬಗ್ಗೆ ಬರೆಯುವಾಗಲೂ ಒಬ್ಬನ ವಾಕ್ಯ ಊಟ ಮುಗಿಸಿ ಎಲೆ ಹಾಕಿಕೊಂಡವನಂತೆ ಆರಾಮವಾಗಿ ಉದ್ದಕ್ಕೆ ಹರಿಯುತ್ತಿದ್ದರೆ ಅವನು ಆ ಏರು ಹತ್ತಿಲ್ಲ. ಹತ್ತಿದವನು ನೀರೆಲ್ಲಿದೆ, ಕೂರಲು ಕಲ್ಲೆಲ್ಲಿದೆ ಎಂಬುದನ್ನು ಮೊದಲು ಹೇಳುತ್ತಾನೆ, ಸೂರ್ಯೋದಯ ಆಮೇಲೆ. ಈ ವಿದ್ಯೆಯಿಂದ ನಾನು ಮೂರ್ನಾಲ್ಕು ವರ್ಷ ಮೆರೆದೆ. ಮೆರೆದದ್ದೇ ತಪ್ಪಾಯಿತು.

ಸುಬೇದಾರರಿಗೆ ಝನ್ಸ್ಕಾರಿನ ಹುಚ್ಚಿತ್ತು. ಲಡಾಖಿನ ಕಡೆಯ, ವರ್ಷದಲ್ಲಿ ಬಹುಕಾಲ ಹಿಮ ಮುಚ್ಚಿರುವ ಬೆಟ್ಟಸಾಲು. ಅಲ್ಲಿ ಹೆಸರಿಲ್ಲದ, ನಕ್ಷೆಯಲ್ಲಿ ಬರೀ ನಂಬರಿರುವ ಒಂದು ಶಿಖರ ಅವರ ಮನಸ್ಸಿನಲ್ಲಿತ್ತು. ಆದರೆ ಆ ವರ್ಷ ಡಾಕ್ಟರು ಅವರ ಎದೆಗೆ ಎತ್ತರ ಬೇಡ ಎಂದಿದ್ದರು. "ನೀನು ಕರ್ಕೊಂಡು ಹೋಗು," ಎಂದರು ನನಗೆ. "ಪುಸ್ತಕ ಒಂದೇ ತಗೊಂಡು ಹೋಗು. ಎರಡು ಪುಸ್ತಕ ಇದ್ದರೆ ಎರಡು ಮನಸ್ಸು ಆಗ್ತದೆ. ಯಾವುದು ಅಂತ ನೀನೇ ನೋಡು."

ನಾನು ಮೊದಲ ಸಲ ಮುಂದಾಳು. ನಾನೂ ಸೇರಿ ತಂಡದಲ್ಲಿ ಏಳು ಜನ. ನನ್ನ ಜೊತೆಗೆ ಕೇಂದ್ರದ ಇನ್ನೊಬ್ಬ ತರಬೇತುದಾರಳಾದ ಸಾವಿತ್ರಿ. ಕೈಗೆ ಸಿಕ್ಕಿದ ಹಿಡಿತವನ್ನು ಬಂಡೆಯೇ ಕೇಳಿದರೂ ಬಿಡದವಳು. ಅವಳ ಗಂಡ ಒಪ್ಪಿದ್ದ. ಗಂಡ ಒಪ್ಪಿ ಏನು ಬಂತು, ಕಂಪಲಾಪುರದ ಆ ಮನೆಯಲ್ಲಿ ಒಪ್ಪಿಗೆ ಕೊಡುವ ಅಧಿಕಾರ ಅತ್ತೆ ನಿಂಗಮ್ಮನವರದ್ದು. ಅವರನ್ನು ಒಪ್ಪಿಸಲು ಹೋದೆ.

ಹೊಗೆಸೊಪ್ಪು ಕೊಯ್ಲಿನ ಕಾಲ. ಎಲೆ ಒಣಗಿಸುವ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ನಿಂಗಮ್ಮ ಮತ್ತು ಐದಾರು ಹೆಂಗಸರು ಕೂತು ಹಸಿ ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುತ್ತಿದ್ದರು. ಆ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ನೇತುಹಾಕಿ ಬಿಸಿ ಕೊಟ್ಟು ಬೇಯಿಸುವುದು. ಕೈಗೆ ಕೆಲಸ ತುಂಬ, ಕಿವಿಗೆ ಏನೂ ಇಲ್ಲ. ನನ್ನಂಥವನಿಗೆ ಅಂಥ ಸಭೆ ಸಿಕ್ಕುವುದು ಅಪರೂಪ.

"ಅಲ್ಲಿಗೆ ದಾರಿ ಯಾರ್ಗೆ ಗೊತ್ತು?" ಎಂದರು ನಿಂಗಮ್ಮ, ಕೈ ನಿಲ್ಲಿಸದೆ.

"ಪುಸ್ತಕದಲ್ಲಿ ಅದೆ ಅಮ್ಮ."

"ಯಾವ ಪುಸ್ತಕ?"

"ಮೂರು ಅವೆ. ಒಂದು ಆರಿಸ್ಕೋಬೇಕು."

"ಅಂಗಾರೆ ಓದು, ಕೇಳುವ. ನನ್ನ ಸೊಸೆ ಯಾರ ಜೊತೇಲಿ ಓಯ್ತಾಳೆ ಅಂತ ನನ್ಗೂ ಗೊತ್ತಾಗ್ಲಿ."

ಮೂರೂ ಇಂಗ್ಲಿಷು. ನಾನು ಕನ್ನಡ ಮಾಡಿಕೊಂಡು, ದನಿ ಹಾಕಿಕೊಂಡು ಶುರು ಮಾಡಿದೆ. ಮೊದಲನೆಯದು ಇಟ್ಟಿಗೆಯಷ್ಟು ದಪ್ಪ, ಬರೆದವನು ಒಬ್ಬ ಬಿಳಿಯ ದೊರೆ. ಗಂಟಲು ಉಬ್ಬಿಸಿ, ಗಲ್ಲ ಎತ್ತಿ ಓದಿದೆ: "ನಮ್ಮ ಹದಿನಾಲ್ಕು ಜನ ಹೊರೆಯಾಳುಗಳು ಮುಂದೆ ಹೋದರು. ನಾವು ಚಹಾ ಮುಗಿಸಿ ಹೊರಟೆವು." ಚಹಾದ ಬಟ್ಟಲಿಗೆ ಕಿರುಬೆರಳು ಎತ್ತುವುದನ್ನು ನಾನೇ ಸೇರಿಸಿದೆ. ಹೆಂಗಸರು ನಕ್ಕರು.

"ಇವ್ನು ಓಗವ್ನೆ," ಎಂದರು ನಿಂಗಮ್ಮ. "ಆದ್ರೆ ಇವನ ಕಾಲು ಓಗಿಲ್ಲ."

ಎರಡನೆಯದನ್ನು ಬರೆದವನು ಪಟ್ಟಣದ ರಸಿಕ. ಬೆಟ್ಟ ಅವನಿಗೆ ಮದುವಣಗಿತ್ತಿ, ಮೋಡ ಸೆರಗು, ಹೊಳೆ ತುಂಟ ಮಗು. "ಪ್ಯಾಂಟನ್ನು ಮಡಿಸಿ, ಈ ಮಗುವಿನ ಜೊತೆ ಎರಡು ಹೆಜ್ಜೆ ಆಡಿ, ಆಚೆ ದಡ ಬಂದೇ ಬಿಟ್ಟಿತು." ಇದನ್ನು ನಾನು ಎದ್ದು ನಿಂತು ಪಂಚೆ ಎತ್ತಿಕೊಂಡು ಮಾಡಿ ತೋರಿಸಿದೆ. ಒಬ್ಬ ಹೆಂಗಸು ನಕ್ಕು ನಕ್ಕು ಎಲೆ ತಲೆಕೆಳಗಾಗಿ ಕಟ್ಟಿಬಿಟ್ಟಳು.

"ಮದ್ವೆ ಮನೇಲಿ ಒಳ್ಳೆ ಜೊತೆ ಇವ್ನು," ಎಂದರು ನಿಂಗಮ್ಮ. "ದಾರೀಲಿ ಬ್ಯಾಡ."

ಮೂರನೆಯದು ತೆಳ್ಳಗೆ, ಟೈಪ್ ಮಾಡಿ ದಾರದಲ್ಲಿ ಹೊಲಿದದ್ದು. ಬರೆದವರು ಯಾರೋ ಹಳೆಯ ಸರ್ವೆ ನೌಕರರು. ಚಿತ್ರವಿಲ್ಲ, ಸೂರ್ಯೋದಯವಿಲ್ಲ. ಸಾಲಿಗೊಂದು 'ಬೇಡ'. ಇಲ್ಲಿ ಕೂರಬೇಡಿ, ಕಲ್ಲು ಬೀಳುತ್ತದೆ. ಈ ಒರತೆಯ ನೀರು ಕುಡಿಯಬೇಡಿ. ಬಲಗಡೆಯ ದಾರಿ ಚೆನ್ನಾಗಿ ಕಾಣುತ್ತದೆ, ಹೋಗಬೇಡಿ. ಮೂಗಿನಲ್ಲಿ ಮಾತಾಡುವ ಒಬ್ಬ ಗುಮಾಸ್ತರ ದನಿ ಹಾಕಿ ಓದಿದೆ. ಎರಡು ಪುಟಕ್ಕೆ ನನಗೇ ಬೇಸರ ಬಂತು. ಹೆಂಗಸರು ಸುಮ್ಮನೆ ಎಲೆ ಕಟ್ಟುತ್ತಿದ್ದರು.

"ಇವ್ನು ಬಿದ್ದವ್ನೆ," ಎಂದರು ನಿಂಗಮ್ಮ. "ಬಿದ್ದು ಎದ್ದು ಬಂದವ್ನೆ. ಇವನ್ನ ಕರ್ಕೊಂಡೋಗು."

"ಅಯ್ಯೋ ಅಮ್ಮ, ಇವನ ಜೊತೆ ಮೂರು ವಾರ ಹೆಂಗಿರೋದು? ಉಣ್ಣೋಕೆ ಕೂತ್ರೂ ಬೇಡ ಅಂತಾನೆ. ನಗುವೇ ಇಲ್ಲ."

"ನಗ್ಸೋಕೆ ನೀನಿದ್ದೀಯಲ್ಲ. ಇಬ್ರು ಯಾಕ್ಲಾ?"

ಚಪ್ಪರವೆಲ್ಲ ನಕ್ಕಿತು. ಆವತ್ತಿನ ದೊಡ್ಡ ನಗು ಅದೇ, ಅದು ನನಗೆ ಬಂದದ್ದಲ್ಲ. ಸ್ವಲ್ಪ ಉರಿಯಿತು. ಪುಸ್ತಕದ ವಿಷಯದಲ್ಲಿ ಕಂಪಲಾಪುರದ ಚಪ್ಪರದಿಂದ ಪಾಠ ಕೇಳುವಷ್ಟು ಕೆಳಗೆ ಇಳಿದಿಲ್ಲ ಎಂದುಕೊಂಡು ರಸಿಕನ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡೆ. ದಪ್ಪನೆಯದು ಕೇಂದ್ರದ ಬೀರುವಿಗೆ. ತೆಳ್ಳನೆಯದನ್ನು, "ಒಲೆಗಾದ್ರೂ ಆಯ್ತದೆ, ಇಟ್ಕೊಳ್ಳಿ" ಎಂದು ಅಲ್ಲೇ ಬಿಟ್ಟೆ.

ಹೊರಡುವಾಗ ನಿಂಗಮ್ಮ ಹೇಳಿದರು: "ನಿನ್ನ ಮಾತ್ ಮ್ಯಾಲೆ ಕಳಿಸ್ತಿದ್ದೀನಿ ಕಿಟ್ಟಪ್ಪ. ನನ್ನ ಸೊಸೆ ಎಂಗೋಯ್ತಾಳೋ ಅಂಗೇ ಬರ್ಬೇಕು."

"ಬತ್ತಾಳೆ ಬುಡಿ ಅಮ್ಮ," ಎಂದೆ. ಎಷ್ಟು ಸಲೀಸಾಗಿ ಅಂದೆ ಎಂದರೆ, ಅದು ನನ್ನ ದನಿಯೋ ರಸಿಕನ ದನಿಯೋ ಈಗಲೂ ಅನುಮಾನ.

ಝನ್ಸ್ಕಾರಿನಲ್ಲಿ ನಡೆಯಲು ಶುರುಮಾಡಿದ ನಾಲ್ಕನೆಯ ದಿನ ತುಂಟ ಮಗುವಿನ ದಡಕ್ಕೆ ಬಂದೆವು. ಬೆಳಗಿನ ಹನ್ನೊಂದು ಗಂಟೆ. ಮೇಲೆ ಹಿಮದ ರಾಶಿ, ಅದರ ಕೆಳಗಿಂದ ಬೂದಿ ಬಣ್ಣದ ನೀರು. ತೊಡೆಯ ಮಟ್ಟ ಇರಬಹುದು, ಸೆಳೆತ ಜೋರಾಗಿತ್ತು.

ನಮ್ಮ ತಂಡದ ಏಳೂ ಜನ ಕಾಲುವೆ ಸೀಮೆಯವರು. ಕೆ.ಆರ್. ನಗರ, ಭೇರ್ಯ, ಬೀಚನಹಳ್ಳಿ. ಬೀಚನಹಳ್ಳಿಯ ಜವರನ ಅಪ್ಪನಂತೂ ನೀರುಗಂಟಿ. ಕಾಲುವೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಎಂದು ನೀರು ಬಿಡುವುದೇ ಅವರ ಕೆಲಸ. ನಮಗೆ ನೀರಿನ ಬಗ್ಗೆ ಹೊರಗಿನವರು ಹೇಳಬೇಕೆ? ನಮ್ಮ ಕಡೆ ಬೆಳಗ್ಗೆ ತುಂಬಿದ ಕಾಲುವೆ, ಮೇಲಿನವರು ಗದ್ದೆಗೆ ತಿರುಗಿಸಿಕೊಂಡ ಮೇಲೆ ಮಧ್ಯಾಹ್ನಕ್ಕೆ ಇಳಿಯುತ್ತದೆ. ಬಿಸಿಲಿಗೆ ನೀರು ಬತ್ತುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇವೆ.

"ಬಿಸ್ಲು ಏರ್ಲಿ," ಎಂದೆ ನಾನು ಮುಂದಾಳು. "ನೀರು ತಾನಾಗೇ ಇಳೀತದೆ. ಒಂದೆರಡು ಗಂಟೆ ಕಾಯೋಣ."

ಎಲ್ಲರೂ ಒಪ್ಪಿದರು. ಹೊರೆ ಇಳಿಸಿ ಬಿಸಿಲು ಕಾಯುತ್ತಾ ಕೂತೆವು. ಜವರ ಮಾತ್ರ ಅಪ್ಪನ ಅಭ್ಯಾಸದಂತೆ ನೀರಿನ ಅಂಚಿಗೆ ಒಂದು ಕೋಲು ನೆಟ್ಟ. ನಾನು ಅವನ ಅಪ್ಪನನ್ನು ಮಾಡಿ ತೋರಿಸಿದೆ, "ಯಾವನ್ಲಾ ಅವ್ನು ನನ್ನ ತೂಬು ಮುಟ್ಟಿದ್ದು?" ಎಂದು. ಅವನೂ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ನಗು ನಿಲ್ಲಿಸಿ ಕೋಲನ್ನೇ ನೋಡತೊಡಗಿದ.

"ಕಿಟ್ಟಣ್ಣ, ಕೋಲು ನೀರೊಳಕ್ಕೆ ಹೋಯ್ತು."

"ಕೋಲು ಜಾರಿರ್ಬೇಕು."

"ಕೋಲಲ್ಲ ಕಣಣ್ಣ, ನೀರೇ ಏರ್ತಾ ಅದೆ. ಮ್ಯಾಲೆ ಯಾರೋ ತೂಬು ಎತ್ತವ್ರೆ."

ಎತ್ತಿದವನು ತಲೆಯ ಮೇಲೆಯೇ ಇದ್ದ. ಬಿಸಿಲು ಏರಿದಷ್ಟೂ ಹಿಮ ಕರಗುತ್ತಿತ್ತು. ಕರಗಿದಷ್ಟೂ ಹೊಳೆ ಏರುತ್ತಿತ್ತು. ನಾವು ಏಳು ಜನ ಕಾಲುವೆ ಪಂಡಿತರು ಅದು ಇಳಿಯಲಿ ಎಂದು ಎರಡು ಗಂಟೆ ಕಾದಿದ್ದೆವು.

ಅಷ್ಟಕ್ಕೆ ತೆಪ್ಪಗೆ ಕೂತಿದ್ದರೆ ಈಗ ನಾನು ಮೆಟ್ಟಿಲಾದರೂ ಹತ್ತುತ್ತಿದ್ದೆ. ಆದರೆ ಮುಂದಾಳುವಿನ ಮಾನ ಹೋಗಿತ್ತು. "ಇನ್ನೂ ಏರೋ ಮುಂಚೆ ದಾಟಿಬಿಡೋಣ, ಮೊದಲು ನಾನು" ಎಂದೆ.

"ಬೇಡ ಕಿಟ್ಟಿ," ಎಂದಳು ಸಾವಿತ್ರಿ.

"ನೀನೂ ಆ ಸರ್ವೆಯವನ ಥರ ಆಡ್ಬೇಡ."

"ಹಗ್ಗ ಕಟ್ಕೊಂಡಾದ್ರೂ ಇಳಿ." ಅವಳೇ ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಬಂಡೆಗೆ ಸುತ್ತಿ ಹಿಡಿದು ಕೂತಳು.

ಎರಡು ಹೆಜ್ಜೆ ಮಗುವಿನ ಜೊತೆ ಆಡಿದೆ. ಮೂರನೆಯ ಹೆಜ್ಜೆಗೆ ನೀರು ಸೊಂಟಕ್ಕೆ ಬಂತು. ತಳದಲ್ಲಿ ಕಲ್ಲುಗಳು ಗಡಗಡ ಉರುಳುವ ಸದ್ದು ಕಾಲಿನ ಮೂಳೆಯೊಳಗೆ ಕೇಳಿಸಿತು. ಅವುಗಳಲ್ಲಿ ಒಂದು ಬಂದು ನನ್ನ ಎಡ ಮಂಡಿಗೆ ಬಡಿಯಿತು. ಆಮೇಲೆ ಆಕಾಶ ಕೆಳಗೆ, ನೀರು ಮೇಲೆ. ಸಾವಿತ್ರಿ ಹಗ್ಗ ಬಿಡಲಿಲ್ಲ. ಜವರ ಮತ್ತಿಬ್ಬರು ಸೇರಿ ನನ್ನನ್ನು ಹೊಳೆಯಿಂದ ಎಮ್ಮೆ ಎಳೆಯುವ ಹಾಗೆ ಎಳೆದು ದಡಕ್ಕೆ ಹಾಕಿದರು. ಮಂಡಿ ನೋಡುನೋಡುತ್ತಿದ್ದಂತೆ ಕುಂಬಳಕಾಯಿಯಾಯಿತು.

ಹಗ್ಗ ಹಿಡಿದಿದ್ದ ಸಾವಿತ್ರಿಯ ಅಂಗೈ ಸುಲಿದುಹೋಗಿತ್ತು. ಎಂಗೋಯ್ತಾಳೋ ಅಂಗೇ ಬರ್ಬೇಕು ಎಂಬ ಮಾತು ನೆನಪಾಗಿ ನಾನು ಆ ಅಂಗೈಯನ್ನು ನೋಡದೆ ಬೇರೆ ಕಡೆ ನೋಡಿದೆ.

ಊಟವಾದರೂ ಮಾಡೋಣ ಎಂದು ಸಾವಿತ್ರಿ ಅತ್ತೆ ಕೊಟ್ಟಿದ್ದ ಉಪ್ಪಿನಕಾಯಿ ಬಾಟ್ಲಿ ತೆಗೆದಳು. ಅದು ಒಡೆಯದಂತೆ ಸುತ್ತಲೂ ಕಾಗದ ಸುತ್ತಿ ಹೊಗೆಸೊಪ್ಪಿನ ದಾರದಲ್ಲಿ ಬಿಗಿದಿತ್ತು. ದಾರ ಬಿಚ್ಚಿದಳು. ಕಾಗದ ಅಲ್ಲ, ತೆಳ್ಳನೆಯ ಪುಸ್ತಕ. ಸರ್ವೆಯವನು ಖಾರದೆಣ್ಣೆಯಲ್ಲಿ ಮಿಂದು ಕೂತಿದ್ದ.

ಅವಳು ಪುಟ ತಿರುವಿ, ಈ ಹೊಳೆಯ ಸಾಲು ಹುಡುಕಿ, ಯಾವ ದನಿಯನ್ನೂ ಹಾಕದೆ ಓದಿದಳು: "ಬೆಳಗ್ಗೆ ಆರಕ್ಕೆ ಮುಂಚೆ ದಾಟಿ. ತಡವಾಗಿ ಬಂದರೆ ದಡದಲ್ಲೇ ಉಳಿಯಿರಿ. ಬಿಸಿಲಿಗೆ ನೀರು ಇಳಿಯುತ್ತದೆ ಎಂದು ಕಾಯಬೇಡಿ. ನಾನು ಕಾದೆ."

ಕೊನೆಯ ಎರಡು ಪದ ಕೇಳಿ ನನಗೆ ಅಳು ಬಂದಿತೋ ನಗು ಬಂದಿತೋ, ಮಂಡಿ ನೋಯುತ್ತಿದ್ದುದರಿಂದ ಯಾರೂ ವಿಚಾರಿಸಲಿಲ್ಲ.

ಮರುದಿನ ಬೆಳಕು ಹರಿಯುವಾಗ ಜವರನ ಕೋಲು ಒಂದು ಮಾರು ದೂರ ಒಣ ಮಣ್ಣಿನಲ್ಲಿ ನಿಂತಿತ್ತು. ನೀರು ಮೊಣಕಾಲಿಗೂ ಇಲ್ಲ. ನಾನು ದಾಟುವ ಸ್ಥಿತಿಯಲ್ಲಿರಲಿಲ್ಲ. ಜವರ ನನ್ನ ಜೊತೆ ಉಳಿದ. ಮುಂದಾಳಿನ ಸೀಟಿಯನ್ನು ಕತ್ತಿನಿಂದ ತೆಗೆದು ಸಾವಿತ್ರಿಗೆ ಕೊಟ್ಟೆ. ನನ್ನ ಮಾತಿನ ಮೇಲೆ ಬಂದವಳನ್ನು ನಾನಿಲ್ಲದೆ ಮೇಲೆ ಕಳಿಸುತ್ತಿದ್ದೆ. ಅವಳು ಎಣ್ಣೆ ಪುಸ್ತಕವನ್ನು ಎದೆಜೇಬಿಗೆ ಹಾಕಿಕೊಂಡು, ರಸಿಕನ ಪುಸ್ತಕವನ್ನು ನನ್ನ ಪಕ್ಕ ಇಟ್ಟಳು.

"ಇದು ನಿನಗಿರ್ಲಿ. ಹೊತ್ತು ಹೋಗ್ಬೇಕಲ್ಲ."

ಮೂರು ದಿನಕ್ಕೆ ಬರುತ್ತೇವೆ ಎಂದಿದ್ದಳು. ಮೂರನೆಯ ಬೆಳಗ್ಗೆ ಐದಕ್ಕೇ ಎದ್ದು ಕುಂಟುತ್ತಾ ದಡಕ್ಕೆ ಬಂದು ಕೂತೆ. ಆರಾಯಿತು, ಏಳಾಯಿತು. ಯಾರೂ ಇಲ್ಲ. ಒಂಬತ್ತಕ್ಕೆ ಜವರನ ಕೋಲಿನ ಬುಡ ಒದ್ದೆಯಾಯಿತು. ಅಷ್ಟರಲ್ಲಿ ನಾನು ನಿಂಗಮ್ಮನ ಮುಂದೆ ನಿಂತು ಏನು ಹೇಳಬೇಕೆಂದು ಹತ್ತು ದನಿಗಳಲ್ಲಿ ಮನಸ್ಸಿನಲ್ಲೇ ಹೇಳಿನೋಡಿದ್ದೆ. ಒಂದೂ ಹೊಂದಲಿಲ್ಲ.

ಹನ್ನೊಂದರ ಹೊತ್ತಿಗೆ ಆಚೆ ದಡದಲ್ಲಿ ಕಂಡರು. ಎಣಿಸಿದೆ. ಐದು ಜನ. ಮತ್ತೆ ಎಣಿಸಿದೆ. ಐದೇ, ಎಲ್ಲರೂ ಇದ್ದರು. ನಾನು ಸಂತೋಷಕ್ಕೆ ಬುದ್ಧಿಗೆಟ್ಟು, ಬನ್ನಿ ಬನ್ನಿ ಎಂದು ಕೈ ಬೀಸಿದೆ. ಸಾವಿತ್ರಿ ಜೇಬಿನಿಂದ ಪುಸ್ತಕ ತೆಗೆದು ಎತ್ತಿ ತೋರಿಸಿದಳು. ಹೊರೆ ಇಳಿಸಿ ಕೂತಳು. ಹೊಳೆಯ ಸದ್ದಿಗೆ ಮಾತು ಕೇಳುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಎದ್ದು, ಪ್ಯಾಂಟು ಮಡಿಸಿದಂತೆ ಮಾಡಿ, ಗಲ್ಲ ಎತ್ತಿ ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ಕೈಕಾಲು ಆಕಾಶಕ್ಕೆ ಎಸೆದು ಬಿದ್ದಳು. ಉಳಿದ ನಾಲ್ವರು ಅವಳನ್ನು ಎಮ್ಮೆಯಂತೆ ಎಳೆದರು. ಎಲ್ಲರ ಕಥೆ ಆಡುತ್ತಿದ್ದವನ ಕಥೆಯನ್ನು ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಆಡಲಾಯಿತು. ಪಕ್ಕದಲ್ಲಿ ಜವರ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ.

ಮರುದಿನ ಐದೂವರೆಗೆ ದಾಟಿ ಬಂದರು. ಶಿಖರ ಹತ್ತಿದ್ದರು. ಬಲಗಡೆಯ ಚೆಂದದ ದಾರಿಗೆ ಹೋಗಿರಲಿಲ್ಲ.

ಹುಣಸೂರಿಗೆ ಬಂದ ಮೇಲೆ ಸುಬೇದಾರರು ಎಲ್ಲ ಕೇಳಿ ಮೀಸೆ ಸವರಿಕೊಂಡರು. "ಒಂದೇ ಪುಸ್ತಕ ಅಂದಿದ್ದೆ ಮಾರಾಯ."

"ತಂಡ ಒಂದೇ ತಗೊಂಡು ಹೋಗಿತ್ತು ಸಾರ್. ನಾನು ಬೇರೆ ತಗೊಂಡು ಹೋಗಿದ್ದೆ, ಅಷ್ಟೆ."

ಆಮೇಲೆ ಹುಣಸೂರಿಗೂ ಸೈಬರ್ ಸೆಂಟರ್ ಬಂತು. ಹೋಗಿಬಂದವರು ಬರೆದದ್ದನ್ನು ಪ್ರಿಂಟು ತೆಗೆಸಿಕೊಂಡು ಹೊರಡುವುದು ಶುರುವಾಯಿತು. ಅಲ್ಲೂ ದೊರೆ, ರಸಿಕ, ಸರ್ವೆಯವನು, ಮೂವರೂ ಇದ್ದಾರೆ. ಕಾಗದ ಬದಲಾಗಿದೆ, ದನಿ ಬದಲಾಗಿಲ್ಲ. ಬಾಯಿಬಿಟ್ಟು ಓದಿ. ಆದರೆ ಒಬ್ಬರೇ ಓದಬೇಡಿ.

ಇದನ್ನು ನಾನು ಕಲಿತದ್ದು ಊರಿಗೆ ಬಂದ ವಾರ, ಸಾವಿತ್ರಿ ಮನೆ ಸೇರಿದ ಮರುದಿನ, ಕೊಟ್ಟ ಮಾತಿನ ಲೆಕ್ಕ ಒಪ್ಪಿಸಲು ಕಂಪಲಾಪುರಕ್ಕೆ ಕುಂಟಿಕೊಂಡು ಹೋದಾಗ. ಅದೇ ಚಪ್ಪರ, ಅದೇ ಕಡ್ಡಿ. ನಿಂಗಮ್ಮ ಪಕ್ಕದಲ್ಲಿ ಕೂತಿದ್ದ ಸೊಸೆಯ, ಹಿಮದ ಬಿಸಿಲಿಗೆ ಸುಲಿದ ಮೂಗು ನೋಡಿದರು, ಅಂಗೈ ತಿರುಗಿಸಿ ನೋಡಿದರು, ನನ್ನ ಮಂಡಿಯನ್ನೂ ನೋಡಿದರು.

"ಅಂಗೇ ಬರ್ನಿಲ್ಲ," ಎಂದರು. "ಆದ್ರೂ ಬಂದ್ಲಲ್ಲ. ಕುಂತ್ಕೊ."

ಕಾಲು ನೀಡಿಕೊಂಡು ಕೂತೆ. "ಅಮ್ಮ, ಆ ಪುಸ್ತಕ ಬೇಕೂಂತ್ಲೇ ಸುತ್ತಿದ್ದಾ?"

"ಬಾಟ್ಲಿ ಒಡೀದಿರ್ಲಿ ಅಂತ ಸುತ್ತಿದ್ದೆ ಕಣಪ್ಪ."

"ನಿಜ ಹೇಳಿ. ನಿಮಗೆ ಇಂಗ್ಲಿಷ್ ಬರಲ್ಲ. ಅವನೇ ಸರಿ ಅಂತ ಹೆಂಗೆ ಗೊತ್ತಾಯ್ತು?"

ಅವರು ಕೈಯಲ್ಲಿದ್ದ ಕಡ್ಡಿ ಮುಗಿಸಿ ಪಕ್ಕಕ್ಕಿಟ್ಟರು. "ಮೊದಲ್ನೆ ಇಬ್ರದ್ದು ಓದೋವಾಗ ನೀನು ನಮ್ ಮೊಕ ನೋಡ್ತಿದ್ದೆ, ನಗ್ತಾವ್ರಾ ಇಲ್ವಾ ಅಂತ. ಮೂರನೇವ್ನದು ಓದೋವಾಗ ಪುಸ್ತಕ ಬುಟ್ಟು ತಲೆ ಎತ್ನಿಲ್ಲ. ನೀನಾಗಿ ಏನೂ ಸೇರ್ಸೋಕೆ ಅವ್ನು ಬುಡ್ನೇ ಇಲ್ಲ."

ನಿಂಗಮ್ಮ ಒಂದು ಹಿಡಿ ಎಲೆಯನ್ನು ನನ್ನ ಮುಂದೆ ತಳ್ಳಿ, "ಸುಮ್ಕೆ ಯಾಕ್ ಕುಂತೆ? ಹೊಳೇಲಿ ಬಿದ್ದಿದ್ದು ಮಾಡಿ ತೋರ್ಸು, ನೋಡುವ. ನನ್ನ ಸೊಸೆ ನೆನ್ನೆ ಮಾಡುದ್ಲು" ಎಂದರು.

ಕೂತಲ್ಲೇ ಮಾಡಿದೆ. ಮೂರು ಹೆಜ್ಜೆ, ಸೊಂಟದ ನೀರು, ಉರುಳುವ ಕಲ್ಲು, ತಲೆಕೆಳಗಾದ ಆಕಾಶ, ಎಲ್ಲ. ನಡುವೆ ಹಗ್ಗವನ್ನು ನಾನೇ ಹಿಡಿದು ಈಜಿ ಬಂದಂತೆ ಒಂಚೂರು.

ನಿಂಗಮ್ಮ ಎಲೆ ಕಟ್ಟುತ್ತಲೇ ಪೂರ್ತಿ ನೋಡಿದರು.

"ಸೊಸೆದೇ ವಾಸಿ ಕಣಪ್ಪ," ಎಂದರು. "ನೀನು ಸೇರಿಸ್ತೀಯ."